ಎಡಗಲ್ಲದ ಬೊಟ್ಟು

ಶಹಾಪುರದ ಮರಿಲಿಂಗಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲಿನವನು ಹಾಲು ಅಳೆಯುವಾಗ ಅವಳು ಅಳತೆ ನೋಡುವುದಿಲ್ಲ, ಅವನ ಮುಖ ನೋಡುತ್ತಾಳೆ. ಬಸ್ಸಿನಲ್ಲಿ ಟಿಕೇಟು ಕೈಗೆ ಬಂದರೆ, ಓದಲು ಬಾರದಿದ್ದರೂ, ಹಿಂದೆ ಮುಂದೆ ತಿರುಗಿಸಿ ಪಕ್ಕದವರಿಂದ ಓದಿಸುತ್ತಾಳೆ; ಓದಿದವರು ಸರಿಯಾಗಿ ಓದಿದರೋ ಇಲ್ಲವೋ ಎಂದು ಇನ್ನೊಬ್ಬರಿಗೂ ಕೊಡುತ್ತಾಳೆ. ನಾಳೆ ಮಳೆ ಬರುತ್ತದಂತೆ ಎಂದು ಯಾರಾದರೂ ಅಂದರೆ, ಹಾಗೆ ಹೇಳುವುದರಿಂದ ಇವರಿಗೇನು ಲಾಭ ಎಂಬುದು ಅವಳ ಮೊದಲ ಯೋಚನೆ. ಓಣಿಯ ಹೆಂಗಸರು ಬೆನ್ನ ಹಿಂದೆ ಅವಳನ್ನು ಫೌಜದಾರ್ತಿ ಎನ್ನುತ್ತಾರೆ. ಅದು ಅವಳಿಗೆ ಗೊತ್ತಿಲ್ಲ ಎಂದುಕೊಂಡರೆ ನೀವು ಅವಳನ್ನು ಕಂಡೇ ಇಲ್ಲ. ಹಾಗೆ ಮೊದಲು ಕರೆದವರು ಯಾರು ಎಂಬ ತನಿಖೆ ಹದಿನೈದು ವರ್ಷದಿಂದ ನಡೆದೇ ಇದೆ.

ಆದರೆ ಈ ಅನುಮಾನವೇ ಅವಳಿಗೆ ಅನ್ನ ಹಾಕಿದ್ದು. ಗಂಡ ತೀರಿಕೊಂಡಾಗ ಮಗ ಬಸವಕುಮಾರನಿಗೆ ಐದು ವರ್ಷ. ಆವತ್ತಿನಿಂದ ಇವತ್ತಿನವರೆಗೆ ಅವಳು ಕಾಳಿನ ಗೋದಾಮಿನಲ್ಲಿ ಕೂತು ತೊಗರಿ ಹಸನು ಮಾಡುತ್ತಾಳೆ. ಮೊರದ ತುಂಬ ಕಾಳು ಹರವಿಕೊಂಡು ಕಲ್ಲು, ಹುಳ ಕೊರೆದದ್ದು, ಮುರುಟಿದ್ದು ಎಲ್ಲ ಬೆರಳ ತುದಿಯಲ್ಲಿ ಆರಿಸಿ ಬಿಸಾಕುವ ಕೆಲಸ. ಹಸನು ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಬಿತ್ತುವ ಕಾಳಿನ ಚೀಲ ಬಂದರೆ ಮಾಲಕರು ಮರಿಲಿಂಗಮ್ಮನನ್ನೇ ಕರೆಯುತ್ತಾರೆ. ಅವಳು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಬಾಗಿಲ ಬೆಳಕಿಗೆ ಹಿಡಿದು, "ಇದು ಒಂದs ಹೊಲದ್ದಲ್ಲ. ಎರಡು ಕೂಡಿಸ್ಯಾರ," ಎಂದುಬಿಡುತ್ತಾಳೆ. ತಂದವನು ದೇವರಾಣೆ ಹಾಕುತ್ತಾನೆ, ಕೂಗಾಡುತ್ತಾನೆ. ಕೊನೆಗೆ ಒಪ್ಪಿಕೊಳ್ಳುತ್ತಾನೆ.

ಇಂಥವಳ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಮಲ್ಲೇಶ್ವರಿ ಎಂದು ಹೆಸರಿಟ್ಟರು, ಕರೆಯುವುದು ಮಲ್ಲಿ. ನಾಲ್ಕು ತಿಂಗಳಿಗೆ ಕೂಸಿನ ಎರಡೂ ಗಲ್ಲ ಕೆಂಪಾದವು. ಬಂದವರೆಲ್ಲ ಎಂಥಾ ಬಣ್ಣ, ಎಂಥಾ ಬಣ್ಣ ಎಂದು ಮುದ್ದಾಡಿದರು. ಮರಿಲಿಂಗಮ್ಮ ಮಾತ್ರ ಬೆರಳಿಂದ ಸವರಿ ನೋಡಿದಳು. ಚರ್ಮ ಒರಟಾಗಿತ್ತು, ಒಣಗಿತ್ತು. ಕೂಸು ತಲೆಯನ್ನು ದಿಂಬಿಗೆ ತಿಕ್ಕಿ ತಿಕ್ಕಿ ಅಳುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಮೊಳಕೈ ಮಡಿಕೆಗಳಲ್ಲಿ, ಮೊಣಕಾಲ ಹಿಂದೆ, ಕತ್ತಿನಲ್ಲಿ ಅದೇ ಕೆಂಪು, ಅದೇ ತುರಿಕೆ. ಕೆರೆದು ಕೆರೆದು ರಕ್ತ ಬರುತ್ತಿತ್ತು.

ಯಾರೋ ಏನೋ ಮಾಡಿದ್ದಾರೆ. ಅದರಲ್ಲಿ ಮರಿಲಿಂಗಮ್ಮನಿಗೆ ಸಂಶಯವಿರಲಿಲ್ಲ. ಯಾರು ಎಂಬುದಷ್ಟೇ ಪ್ರಶ್ನೆ. ಮೊದಲು ಸಿಕ್ಕಿಬಿದ್ದವಳು ಸೊಸೆ ಸೌಭಾಗ್ಯ. ಬಾಣಂತಿಯಿದ್ದಾಗ ಕದ್ದು ಬದನೆಕಾಯಿ ತಿಂದಿದ್ದಾಳೆ, ಹಾಲಿನಲ್ಲಿ ನಂಜು ಇಳಿದಿದೆ ಎಂದಳು. ಆಮೇಲೆ ಸೌಭಾಗ್ಯಳ ತವರು ದೋರನಹಳ್ಳಿಯ ನೀರು. ಆಮೇಲೆ ಬಟ್ಟೆ ಒಗೆಯುವ ಪುಡಿ. ಕೊನೆಗೆ ಪಕ್ಕದ ಮನೆಯ ದೇವಕಮ್ಮ, ಅವಳು ಕೂಸನ್ನು ಕಂಡಾಗಲೆಲ್ಲ "ಎಷ್ಟು ಚೆಂದ ಅದಾಳ ನೋಡವಾ" ಎನ್ನುತ್ತಿದ್ದಳು. ನೋಡಿದ್ದೇ ತಪ್ಪು. ನದರು ತಾಗದೆ ಇರುತ್ತದೆಯೇ?

ಆವತ್ತಿನಿಂದ ದಿನಾ ಸಂಜೆ ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಕಾಡಿಗೆ ಡಬ್ಬಿಗೆ ಒತ್ತಿ ಎಡಗಲ್ಲದ ಮೇಲೆ ಕಡಲೆಯಷ್ಟು ದೊಡ್ಡ ಬೊಟ್ಟಿಡುವುದು ಶುರುವಾಯಿತು. ಇಟ್ಟ ಮೇಲೆ ಥೂ ಥೂ ಥೂ ಎಂದು ಮೂರು ಸಲ, ಆಮೇಲೆ ಅದೇ ಗಲ್ಲಕ್ಕೆ ಒಂದು ಮುದ್ದು. ಅವಳ ಅವ್ವ ಅವಳಿಗೆ ಹಾಗೆ ಮಾಡಿದ್ದಳು, ಅವಳು ಬಸವಕುಮಾರನಿಗೆ ಮಾಡಿದ್ದಳು. ಈ ಕೆಲಸವನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಯಾರ ಕೈ ಎಂಥದೋ ಯಾರಿಗೆ ಗೊತ್ತು!

ಬಸವಕುಮಾರ ಸಾಮಾನು ಸಾಗಿಸುವ ಟಂಟಂ ಓಡಿಸುತ್ತಾನೆ. ಅವನು ಔಷಧದ ಅಂಗಡಿಯೊಂದರಲ್ಲಿ ಕೇಳಿ, ಹುಳಕಡ್ಡಿ ಇರಬೇಕು ಎಂದು ಒಂದು ಟ್ಯೂಬು ತಂದ. ಹಚ್ಚಿದ ಮೂರೇ ದಿನಕ್ಕೆ ಚರ್ಮ ಹೊಳೆಯತೊಡಗಿತು. ಮನೆಯವರೆಲ್ಲ ಕುಣಿದಾಡಿದರು. ಹಚ್ಚುವುದು ನಿಲ್ಲಿಸಿದ ವಾರಕ್ಕೆ ಕೆಂಪು ಇಮ್ಮಡಿಯಾಗಿ ಬಂತು, ಮತ್ತೆ ಹಚ್ಚಿದರು, ಮತ್ತೆ ಬಂತು.

"ನೋಡಿದ್ಯಾ?" ಎಂದಳು ಮರಿಲಿಂಗಮ್ಮ. "ಟ್ಯೂಬಿನ್ಯಾಗ ಏನೋ ಅದ. ಮಾಯ ಮಾಡಿ ಮತ್ತ ತರಸ್ತದ. ಅಂಗಡಿಯವಗ ಗಿರಾಕಿ ತಪ್ಪಬಾರದಲ್ಲ!"

ಈ ಒಂದು ವಿಷಯದಲ್ಲಿ ಅವಳು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕೊನೆಗೆ ಅತ್ತೆ ಸೊಸೆ ಕೂಸನ್ನು ಒಯ್ದ ಯಾದಗಿರಿಯ ದವಾಖಾನೆಯಲ್ಲಿ ಚರ್ಮದ ಡಾಕ್ಟರು ನುಜ್ಹತ ಮೇಡಂ ಆ ಟ್ಯೂಬು ಕಂಡೊಡನೆ ಹಣೆ ಗಂಟಿಕ್ಕಿದರು. "ಇದರಾಗ ಮೂರು ಔಷಧ ಕಲಸ್ಯಾರ. ಇದು ಸಣ್ಣ ಕೂಸಿಗೆ ಹಚ್ಚೂದಲ್ಲ. ಯಾರೂ ಬರದುಕೊಡದs ಹೆಂಗ ತಗೊಂಡ್ರಿ?" ಎಂದು ಬೈದು, ಕೂಸಿನ ಮೈಯೆಲ್ಲ ಬಿಚ್ಚಿಸಿ ನೋಡಿದರು. ಮೊಳಕೈ ಮಡಿಸಿ, ಬಿಡಿಸಿ, ಮೊಣಕಾಲ ಹಿಂದೆ ಬಾಗಿ ನೋಡಿದರು. ಎಷ್ಟು ತಿಂಗಳಿಗೆ ಶುರುವಾಯಿತು, ನಿದ್ದೆಯಲ್ಲೂ ಕೆರೆಯುತ್ತಾಳೆಯೇ ಎಂದು ಕೇಳಿದರು. ಮನೆಯಲ್ಲಿ ಯಾರಿಗಾದರೂ ದಮ್ಮು, ಸೀನು ಇದೆಯೇ ಎಂದರು.

"ನಮ್ಮ ಮನ್ಯಾಗ ಯಾರಿಗೂ ಏನೂ ಇಲ್ರಿ," ಎಂದಳು ಮರಿಲಿಂಗಮ್ಮ, ಕಟ್ಟುನಿಟ್ಟಾಗಿ.

ಸೌಭಾಗ್ಯ ಗಂಡನ ಹೆಸರೆತ್ತದೆ, ಮೆಲ್ಲಗೆ, "ಅವರಿಗೆ ಸಣ್ಣವರಿದ್ದಾಗ ದಮ್ಮು ಇತ್ತಂತ ನೀವs ಹೇಳಿದ್ರಲ್ರಿ ಅತ್ತಿ," ಎಂದಳು. ಮರಿಲಿಂಗಮ್ಮ ಅವಳನ್ನು ನೋಡಿದ ನೋಟಕ್ಕೆ ಡಾಕ್ಟರು ಕೂಡ ಒಂದು ಕ್ಷಣ ತಲೆ ತಗ್ಗಿಸಿದರು.

"ಇದು ಹುಳಕಡ್ಡಿ ಅಲ್ಲ. ಕಜ್ಜಿನೂ ಅಲ್ಲ. ಇಸಬು," ಎಂದರು ಮೇಡಂ. "ಈ ಕೂಸಿನ ಚರ್ಮ ಹುಟ್ಟಾ ನಾಜೂಕು. ಒಳಗಿನ ಪಸಿ ನಿಲ್ಲಂಗಿಲ್ಲ, ಒಣಗತದ, ತುರಸತದ, ಕೆರದ್ರ ಇನ್ನಷ್ಟು ತುರಸತದ. ಇದು ಯಾರಿಗೂ ಅಂಟಂಗಿಲ್ಲ, ಯಾರೂ ಮಾಡಿದ್ದೂ ಅಲ್ಲ. ಒಮ್ಮೆಲೇ ಹೋಗಂಗಿಲ್ಲ, ಆದ್ರ ಹಿಡಿತದಾಗ ಇಡಬಹುದು." ಜಳಕ ಮಾಡಿಸಿದ ಕೂಡಲೇ ಮೈ ಹಸಿಯಿರುವಾಗಲೇ ಮೈತುಂಬ ಹಚ್ಚಲು ಬಿಳಿ ಮುಲಾಮು, ಕೆಂಪಾದ ಕಡೆ ಮಾತ್ರ ತೆಳ್ಳಗೆ, ಹೇಳಿದಷ್ಟು ದಿನ ಹಚ್ಚಲು ಒಂದು ಸಣ್ಣ ಟ್ಯೂಬು ಬರೆದರು. ಉಗುರು ಕತ್ತರಿಸಿ, ಹತ್ತಿ ಬಟ್ಟೆ ಹಾಕಿ ಎಂದರು. ಕಡೆಗೆ ಬೆರಳೆತ್ತಿ ಸೌಭಾಗ್ಯಳಿಗೆ ಹೇಳಿದರು: "ಕೆರದ ಕೆರದ ಚರ್ಮದಾಗ ಬಿರುಕು ಬಿಟ್ಟಾವ. ಅದರಾಗ ಏನರೇ ಹೊಕ್ಕರ ಕಷ್ಟ ಆಗತದ. ಜ್ವರ ಬಂದು ಹೊಸಾ ಗುಳ್ಳಿ ಎದ್ದರ ದಾರಿ ಕಾಯಬ್ಯಾಡ್ರಿ. ಅವತ್ತs ಬರ್ರಿ."

ಹೊರಗೆ ಬಂದ ಮೇಲೆ ಮರಿಲಿಂಗಮ್ಮನ ಅಸಮಾಧಾನ ಕಟ್ಟೆಯೊಡೆಯಿತು. "ರಕ್ತ ತಗೀಲಿಲ್ಲ, ಮಷೀನಿಗೆ ಹಾಕಲಿಲ್ಲ. ಬರೇ ನೋಡಿ ಹೇಳಿದಳು. ಇಕಿ ಎಂಥಾ ಡಾಕ್ಟರಕಿ?"

"ನೀವೂ ಕಾಳು ಬರೇ ನೋಡೇ ಹೇಳತೀರಲ್ರಿ," ಎಂದಳು ಸೌಭಾಗ್ಯ. ಮರಿಲಿಂಗಮ್ಮ ಔಷಧದ ಚೀಲವನ್ನು ಅವಳ ಕೈಯಿಂದ ಕಸಿದುಕೊಂಡು ಬಸ್ಸಿನ ಕಡೆ ನಡೆದಳು.

ಬಿಳಿ ಮುಲಾಮಿಗೆ ಅವಳು ಮೂಸಿ ನೋಡಿ ಅಪ್ಪಣೆ ಕೊಟ್ಟಳು. ಸಣ್ಣ ಟ್ಯೂಬಿಗೆ ಕೊಡಲಿಲ್ಲ. ಒಮ್ಮೆ ಟ್ಯೂಬಿನಿಂದ ಮೋಸ ಹೋದವಳು ಮತ್ತೆ ಟ್ಯೂಬು ನಂಬಬೇಕೇ? ಬಾಯಲ್ಲಿ ಬೇಡ ಎನ್ನಲಿಲ್ಲ; ಅಂದುಬಿಟ್ಟರೆ ಮಗ ಡಾಕ್ಟರ ಮಾತೇ ಕೇಳುತ್ತಾನೆ. ಸುಮ್ಮನೆ ಅದನ್ನು ಜೋಳದ ಡಬ್ಬಿಯ ತಳದಲ್ಲಿ ಹುಗಿದಿಟ್ಟಳು. ಸೌಭಾಗ್ಯ ಮನೆಯೆಲ್ಲ ಹುಡುಕಿದಾಗ, "ನಿನ್ನ ಕೈಯಾಗ ಒಂದರೇ ಸಾಮಾನು ನಿಂತದೇನು?" ಎಂದು ಬೈದದ್ದೂ ಅವಳೇ. ಮೆಚ್ಚುವ ಕೆಲಸವಲ್ಲ. ಆದರೆ ಮೊಮ್ಮಗಳನ್ನು ಕಾಯುತ್ತಿದ್ದೇನೆ ಎಂದು ಅವಳು ಮನಸಾರೆ ನಂಬಿದ್ದಳು. ಬದುಕಿನಲ್ಲಿ ಅವಳು ಅನುಮಾನ ಪಡದೆ ನಂಬಿದ್ದು ತನ್ನೊಬ್ಬಳನ್ನೇ.

ಸುಗ್ಗಿ ಬಂತು. ತೊಗರಿಯ ಧೂಳು ಗೋದಾಮಿನಲ್ಲಿ ಮೊಳದುದ್ದ ಎದ್ದಿರುವ ಕಾಲ. ಮರಿಲಿಂಗಮ್ಮನಿಗೆ ಎರಡು ದಿನ ಜ್ವರ ಬಂದು ಬಿಟ್ಟಿತು. ಮೂರನೆಯ ದಿನ ಕೆಳತುಟಿಯ ಮೂಲೆಯಲ್ಲಿ ಗುಳ್ಳೆ ಎದ್ದವು. ಮಲಗಿದಾಗ ಜೇಡ ಹರಿದಾಡಿದೆ ಎಂದು ಬೈದು, ತುಪ್ಪ ಸವರಿಕೊಂಡು ಕೆಲಸಕ್ಕೆ ಹೋದಳು. ವರ್ಷಕ್ಕೊಮ್ಮೆ ಬರುವಂಥದೇ, ತಾನಾಗಿ ಒಣಗುತ್ತದೆ. ಸಂಜೆ ಬಂದು ಎಂದಿನಂತೆ ಮಲ್ಲಿಗೆ ಬೊಟ್ಟಿಟ್ಟಳು.

ಆಗ ಮಲ್ಲಿಗೆ ಎರಡೂವರೆ ವರ್ಷ. ಮುಂದಿನ ವಾರ ಒಂದು ಮುಂಜಾನೆ ಕೂಸಿನ ಮೈ ಕೆಂಡದಂತೆ ಸುಡುತ್ತಿತ್ತು. ಎಡಗಲ್ಲದ ಮೇಲೆ ಸಣ್ಣ ಸಣ್ಣ ನೀರಗುಳ್ಳೆ ಒತ್ತೊತ್ತಾಗಿ ಎದ್ದಿದ್ದವು. ಮಧ್ಯಾಹ್ನದೊಳಗೆ ಕತ್ತಿಗೂ ಇಳಿದವು. ದೇವಕಮ್ಮ ಹೊಸ್ತಿಲ ಹೊರಗಿಂದಲೇ ಇಣುಕಿ ಎರಡೂ ಕೈ ಮುಗಿದಳು.

"ಅಮ್ಮ ಬಂದಾಳ. ತಾಯಿ ಬಂದಾಳ ನಿಮ್ಮ ಮನಿಗಿ."

ಅಷ್ಟು ಸಾಕಾಯಿತು. ಬಾಗಿಲಿಗೆ ಬೇವಿನ ತಪ್ಪಲು ಬಂತು. ಕೂಸಿನ ಹಾಸಿಗೆಯ ಕೆಳಗೆ ಬೇವು, ತಲೆದೆಸೆಗೆ ಬೇವು. ಒಲೆಯ ಮೇಲೆ ಒಗ್ಗರಣೆ ನಿಂತಿತು. ಜಳಕ ಇಲ್ಲ, ಎಣ್ಣೆ ಇಲ್ಲ, ಮುಲಾಮು ಇಲ್ಲ. ಅಮ್ಮ ಬಂದ ಮನೆಯಲ್ಲಿ ಔಷಧದ ಹೆಸರೆತ್ತಿದರೆ ತಾಯಿ ಸಿಟ್ಟಾಗುತ್ತಾಳೆ. ಬಂದ ದಾರಿಯಲ್ಲಿ ತಾನೇ ಹೋಗುವವರೆಗೆ ಮೊಸರನ್ನ ಇಟ್ಟು ಕೈಮುಗಿದು ಕಾಯಬೇಕು. ಬಸವಕುಮಾರ ದೀಪ ಹಚ್ಚಿ ಅಡ್ಡಬಿದ್ದು ಟಂಟಂ ತೆಗೆದುಕೊಂಡು ಸುರಪುರಕ್ಕೆ ಹೋದ. ಮರಿಲಿಂಗಮ್ಮನೂ ಗಲ್ಲಗಲ್ಲ ಬಡಿದುಕೊಂಡು ತಪ್ಪಾಯ್ತು ಎಂದಳು, ಯಾವ ತಪ್ಪು ಎಂದು ಗೊತ್ತಿಲ್ಲದಿದ್ದರೂ.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಕೂಸಿನ ಪಕ್ಕದಲ್ಲಿ ಬೇವಿನ ಎಸಳಿಂದ ಗಾಳಿ ಬೀಸುತ್ತ ಕೂತಿದ್ದಳು. ಮಲ್ಲಿ ಅಳುವುದನ್ನೂ ಬಿಟ್ಟು ನರಳುತ್ತಿದ್ದಳು. ಎಡಗಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿತ್ತು. ನೋಡಿ ನೋಡಿ ಮರಿಲಿಂಗಮ್ಮನೊಳಗೆ ಏನೋ ಎದ್ದಿತು. ಇದು ಭಯವಲ್ಲ, ಅವಳಿಗೆ ಚೆನ್ನಾಗಿ ಪರಿಚಯವಿದ್ದ ಇನ್ನೊಂದು. ಬೆರಕೆ ಚೀಲದ ಬಾಯಿ ಬಿಚ್ಚಿದಾಗ ಆಗುವಂಥದು.

ಬೇಡ, ಬೇಡ, ಎಂದು ತನಗೇ ಹೇಳಿಕೊಂಡಳು. ಇದರ ಮೇಲೊಂದು ಅನುಮಾನ ಬೇಡ.

ಆದರೆ ಕಣ್ಣು ಕೇಳಬೇಕಲ್ಲ. ಅವಳು ಎದ್ದು ಬಾಗಿಲು ಪೂರ್ತಿ ತೆಗೆದು, ಬೇವು ಸರಿಸಿ, ಕೂಸಿನ ಅಂಗಿ ಎತ್ತಿದಳು. ಹೊಟ್ಟೆಯ ಮೇಲೆ ಒಂದೂ ಗುಳ್ಳೆ ಇಲ್ಲ. ಬೆನ್ನು ತಿರುಗಿಸಿದಳು, ಅಲ್ಲೂ ಇಲ್ಲ. ಮೊಳಕೈ ಮಡಿಕೆ ಬಿಡಿಸಿದಳು. ಅಲ್ಲಿ ಗಿಜಿಗಿಜಿ ತುಂಬಿದ್ದವು. ಮೊಳಕೈಯಿಂದ ಮುಂಗೈವರೆಗಿನ ಒಳ್ಳೆಯ ಚರ್ಮದಲ್ಲಿ ಒಂದೂ ಇಲ್ಲ. ಕತ್ತಿನಲ್ಲಿ, ಗಲ್ಲದಲ್ಲಿ, ಎಲ್ಲೆಲ್ಲಿ ಇಸಬು ಇತ್ತೋ ಅಲ್ಲಲ್ಲೇ ಇವು. ಮತ್ತೆ, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ನಡುವೆ ಸೂಜಿಯ ಹಿಂಬದಿಯಿಂದ ಒತ್ತಿದ ಹಾಗೆ ಒಂದೊಂದು ತಗ್ಗು. ಒಡೆದವು ಗುಂಡಗೆ ಗುಳಿ ಬಿದ್ದಿದ್ದವು.

ಅಮ್ಮನನ್ನು ಅವಳು ಕಂಡವಳು. ತನಗೆ ಬಂದಾಗ ಕಂಡಿದ್ದಳು, ತಮ್ಮಂದಿರಿಬ್ಬರಿಗೆ ಬಂದಾಗ, ಬಸವಕುಮಾರನಿಗೆ ಬಂದಾಗ ಹಗಲೂ ಇರುಳೂ ಪಕ್ಕದಲ್ಲಿ ಕೂತಿದ್ದಳು. ಅಮ್ಮ ಮೊದಲು ಹೊಟ್ಟೆ ಬೆನ್ನಿನ ಮೇಲೆ ಕಾಲಿಡುತ್ತಾಳೆ. ಒಂದು ಆಗತಾನೆ ಎದ್ದಿರುತ್ತದೆ, ಒಂದು ತುಂಬಿರುತ್ತದೆ, ಪಕ್ಕದಲ್ಲೇ ಇನ್ನೊಂದು ಒಣಗಿರುತ್ತದೆ. ಎಲ್ಲ ಬೆರಕೆ. ಇವು ಹಾಗಿಲ್ಲ.

"ಇದು ಅಮ್ಮ ಅಲ್ಲ," ಎಂದಳು.

ಹೊಸ್ತಿಲಲ್ಲಿ ಮೊಸರಿನ ತಂಬಿಗೆ ಹಿಡಿದು ನಿಂತಿದ್ದ ದೇವಕಮ್ಮ ಬೆಚ್ಚಿಬಿದ್ದಳು. "ಮರಿಲಿಂಗವ್ವಾ! ಹಾಲಿನವನ ಮ್ಯಾಲೆ ಅನುಮಾನ ಮಾಡಿದಿ, ನನ್ನ ಮ್ಯಾಲೆ ಮಾಡಿದಿ, ಹೋಗ್ಲಿ. ಈಗ ಅಮ್ಮನ ಮ್ಯಾಲೂ ಅನುಮಾನ ಮಾಡತೀಯಾ? ನಾಲಿಗಿ ಕಡಕೊ!"

ಮೂಲೆಯಲ್ಲಿ ಕೂತಿದ್ದ ಸೌಭಾಗ್ಯಳ ಕಣ್ಣು ಅತ್ತು ಊದಿದ್ದವು. ಅವಳು ಎದ್ದು ಬಂದು, ಯಾರಿಗೂ ಕೇಳಿಸಬಾರದೇನೋ ಎಂಬಂತೆ ಹೇಳಿದಳು: "ಜ್ವರ ಬಂದು ಹೊಸಾ ಗುಳ್ಳಿ ಎದ್ದರ ಅವತ್ತs ಬರ್ರಿ ಅಂದಿದ್ರು ಮೇಡಂ. ನನಗ ನಿನ್ನಿನೇ ನೆನಪಾಗಿತ್ರಿ ಅತ್ತಿ. ಅಮ್ಮ ಅಂದ ಮ್ಯಾಲೆ ಬಾಯಿ ತಗೀಲಿಕ್ಕ ಅಂಜಿಕಿ ಆತು."

"ನಿನ್ನೀನೇ ಹೇಳಿದ್ದರ ಕೇಳತಿದ್ನಾ ನಾ?" ಎಂದಳು ಮರಿಲಿಂಗಮ್ಮ. ಅದು ಪ್ರಶ್ನೆಯೂ ಅಲ್ಲ, ಬೈಗುಳವೂ ಅಲ್ಲ. ಕೇಳುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಗನಿಗೆ ಫೋನು ಹಚ್ಚಿಸಿದಳು. ಸುರಪುರದಲ್ಲಿ ಸಾಮಾನು ಇಳಿಸುತ್ತಿದ್ದ ಬಸವಕುಮಾರ ಸಿಟ್ಟಿಗೆದ್ದ. "ಯವ್ವಾ, ಅಮ್ಮ ಅದಾಳ ಮನ್ಯಾಗ. ಸುಮ್ಮ ಕುಂದರು. ಕೂಸಿಗೇನರೆ ಆದ್ರ ನೀನs ಹೊಣಿ ನೋಡು!"

"ನಿನಗ ಅಮ್ಮ ಬಂದಾಗ ನೋಡಿದಾಕಿ ನಾನೋ ನೀನೋ? ಹೊಣಿ ನಂದs. ಇಡು ಫೋನ," ಎಂದಳು.

ಎಂದದ್ದೇನೋ ಎಂದಳು. ಆದರೆ ತನ್ನ ಕಣ್ಣು ತಪ್ಪಿದ್ದರೆ? ಇದು ಅಮ್ಮನೇ ಆಗಿದ್ದರೆ? ಹೊಸ್ತಿಲು ದಾಟಿಸಿದ ತಪ್ಪಿಗೆ ಕೂಸು ಕೈ ತಪ್ಪಿಹೋದರೆ? ಅರವತ್ತು ವರ್ಷದಲ್ಲಿ ಅವಳು ಅಷ್ಟು ಹೆದರಿದ್ದಿಲ್ಲ. ದೀಪದ ಮುಂದೆ ನಿಂತು ಗಟ್ಟಿಯಾಗಿಯೇ ಅಂದಳು: "ತಾಯಿ, ನೀನs ಆಗಿದ್ರ ನನ್ನ ಮ್ಯಾಲೆ ಬಾ. ಮೈತುಂಬ ಬಾ. ಕೂಸಿನ ಬಿಡು." ಆಮೇಲೆ ಮಲ್ಲಿಯನ್ನು ಮೆತ್ತನೆಯ ಹಳೆ ಸೀರೆಯಲ್ಲಿ ಸುತ್ತಿ ಎತ್ತಿಕೊಂಡಳು. ಬೇವಿನ ಎಸಳೊಂದನ್ನು ಸೀರೆಗೆ ಸಿಕ್ಕಿಸಿಯೇ ಇಟ್ಟಳು. ಅದನ್ನೂ ತೆಗೆದುಹಾಕುವಷ್ಟು ಧೈರ್ಯ ಅವಳಿಗೂ ಇರಲಿಲ್ಲ.

ಯಾದಗಿರಿ ಬಸ್ಸು ಕಿಕ್ಕಿರಿದಿತ್ತು. ಬೇವು ಕಂಡದ್ದೇ ಮೂರು ಸೀಟು ಖಾಲಿಯಾದವು. ಜನ ಕೈಮುಗಿದು ಹಿಂದೆ ಸರಿದರು. ಒಬ್ಬ ಮುದುಕಿ, "ತಾಯಿ ಇದ್ದಾಗ ಎಲ್ಲಿಗಿ ಒಯ್ಯಾಕತ್ತೀರಿ?" ಎಂದು ಕೇಳಿದಳು. ಮರಿಲಿಂಗಮ್ಮ ಸೀರೆಯ ಅಂಚನ್ನು ಕೂಸಿನ ಮುಖದ ಮೇಲೆ ಎಳೆದುಕೊಂಡಳು. ಆವತ್ತು ಟಿಕೇಟು ತಿರುಗಿಸಿಯೂ ನೋಡಲಿಲ್ಲ. ಭೀಮಾ ಸೇತುವೆ ದಾಟುವಾಗ ಸೌಭಾಗ್ಯ ಅತ್ತೆಯ ಮೊಳಕೈ ಹಿಡಿದುಕೊಂಡಳು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು.

ನುಜ್ಹತ ಮೇಡಂ ಕೂಸನ್ನು ಬೆಳಕಿಗೆ ತಿರುಗಿಸಿ ನೋಡಿದರು. ಈ ಸಲವೂ ಬರೇ ನೋಡಿದರು. ಮರಿಲಿಂಗಮ್ಮ ಅವರ ಕಣ್ಣನ್ನೇ ನೋಡುತ್ತಿದ್ದಳು. ಅವು ಹೊಟ್ಟೆಗೆ ಹೋದವು, ಬೆನ್ನಿಗೆ ಹೋದವು, ಮೊಳಕೈ ಮಡಿಕೆಗೆ ಬಂದವು. ತಾನು ನೋಡಿದ ಕಡೆಗಳಲ್ಲೇ ನೋಡುತ್ತಿದ್ದಾರೆ. ಅವಳಿಗೆ ಉಸಿರು ಬಂತು.

"ಯಾರು ಇದನ್ನ ಅಮ್ಮ ಅಲ್ಲ ಅಂದವರು?" ಎಂದರು ಮೇಡಂ, ನರ್ಸಿಗೆ ಏನೋ ಹೇಳಿ ಓಡಿಸಿದ ಮೇಲೆ.

"ನಮ್ಮ ಅತ್ತಿರಿ," ಎಂದಳು ಸೌಭಾಗ್ಯ.

"ಶಾಬಾಷ್ ಆಯಿ! ಖರೇ ಹೇಳೀರಿ. ಇದು ಇಸಬಿನ ಮ್ಯಾಲೆ ಹೊಕ್ಕ ಇನ್ನೊಂದು ಬ್ಯಾನಿ. ಹರ್ಪಿಸ್ ಅಂತ ಒಂದು ವೈರಸ್ ಇರತದ. ಗಟ್ಟಿ ಚರ್ಮದಾಗ ಸಣ್ಣಗ ಎದ್ದು ಹೋಗತದ. ಇಂಥಾ ಬಿರುಕಿನ ಚರ್ಮ ಸಿಕ್ಕರ ಬೆಂಕಿ ಹಂಗ ಹಬ್ಬತದ. ಈಗಿಂದೀಗ ಸಲೈನಿನ್ಯಾಗ ಔಷಧ ಹಾಕಬೇಕು, ಪರೀಕ್ಷಾದ ರಿಪೋರ್ಟಿಗಿ ಕಾಯಂಗಿಲ್ಲ. ಕಣ್ಣಿನ ಡಾಕ್ಟರನ್ನೂ ಕರಸ್ತೀನಿ. ರೆಪ್ಪಿಗಿ ಬಂದದ, ಕಣ್ಣಿನ ಒಳಗ ಇಳದಿರಬಾರದು. ಇನ್ನೆರಡು ದಿನ ಬೇವು ಕಟ್ಟಿ ಕುಂತಿದ್ರ ನನಗ ಏನೂ ಹೇಳಾಕ ಆಗತಿದ್ದಿಲ್ಲ."

ಕೂಸಿನ ಕೈಗೆ ಸೂಜಿ ಚುಚ್ಚಿದರು. ಔಷಧ ಹನಿ ಹನಿ ಇಳಿಯತೊಡಗಿತು. ಮೇಡಂ ಕಾಗದದ ಮೇಲೆ ಬರೆಯುತ್ತ ಕೇಳಿದರು.

"ಮನ್ಯಾಗ ಯಾರಿಗರೇ ಈಗೀಗ ತುಟಿ ಮ್ಯಾಲೆ ಗುಳ್ಳಿ ಎದ್ದಿದ್ವೇನು? ಇದು ಬಹಳ ಮಾಡಿ ಅಲ್ಲಿಂದs ಬರತದ. ಮುದ್ದು ಕೊಟ್ಟಾಗ, ಎಂಜಲು ತಾಗಿದಾಗ."

ಅನುಮಾನ ಎದ್ದು ಕೂತಿತು. ಮರಿಲಿಂಗಮ್ಮನ ತಲೆಯಲ್ಲಿ ಮೂವತ್ತು ವರ್ಷದ ಅಭ್ಯಾಸ ಮೊರ ಹಿಡಿದು ಆರಿಸತೊಡಗಿತು. ದೇವಕಮ್ಮ! ಹೋದ ವಾರ ಕೂಸಿಗೆ ತನ್ನ ಬಟ್ಟಲಲ್ಲೇ ಚಹಾ ಕುಡಿಸಿದ್ದಳು. ಅಥವಾ ದೋರನಹಳ್ಳಿಯ ಬೀಗತಿ, ಬಂದಾಗಲೆಲ್ಲ ಕೂಸಿನ ಮುಖ ಬಿಡುವುದಿಲ್ಲ. "ಅದs ರೀ ಮೇಡಂ, ನಮ್ಮ ಮಗ್ಗಲ ಮನ್ಯಾಕಿ..." ಎಂದು ಶುರುಮಾಡಿದಳು.

ಮೇಡಂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಕೆಳತುಟಿಯ ಮೂಲೆಯಲ್ಲಿ ಒಣಗಿದ ಹಕ್ಕಳೆ ಇನ್ನೂ ಉದುರಿರಲಿಲ್ಲ.

ಮರಿಲಿಂಗಮ್ಮ ಸೊಸೆಯ ಕಡೆ ತಿರುಗಿದಳು. ಸೌಭಾಗ್ಯ ನೆಲ ನೋಡುತ್ತಿದ್ದಳು. ಅವಳಿಗೆ ಆಗಲೇ ಹೊಳೆದಿತ್ತು.

"ಮೊದಲ ಎಲ್ಲಿ ಎದ್ದವು?" ಎಂದರು ಮೇಡಂ.

"ಎಡಗಲ್ಲಕ್ಕ ರೀ," ಎಂದಳು ಸೌಭಾಗ್ಯ.

ಮರಿಲಿಂಗಮ್ಮ ತನ್ನ ಬಲಗೈ ಎತ್ತಿ ಹೆಬ್ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕಾಡಿಗೆಯ ಕಪ್ಪು ಕೂತಿತ್ತು. ನಾಲಿಗೆಗೆ ತಾಗಿಸಿ, ಡಬ್ಬಿಗೆ ಒತ್ತಿ, ಆ ಬಿರುಕುಬಿಟ್ಟ ಗಲ್ಲಕ್ಕೆ ಹಚ್ಚಿ, ಮೇಲೆ ಮುದ್ದು ಬೇರೆ. ಯಾರ ನದರೂ ತಾಗದಿರಲಿ ಎಂದು ದಿನಾ, ಒಂದು ದಿನವೂ ತಪ್ಪದ ಹಾಗೆ.

"ನಾನs ರೀ," ಎಂದಳು. "ಯಾರೂ ಅಲ್ಲ. ನಾನs ಹಚ್ಚೀನಿ."

ಆಮೇಲೆ ಅವಳು ಅತ್ತಳು. ಗಂಡ ಸತ್ತಾಗ ಅತ್ತವಳು ಮತ್ತೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಆ ಬಾಯಿಯನ್ನು ಕೂಸಿನಿಂದ ಆಚೆ ತಿರುಗಿಸಿಕೊಂಡು ಅತ್ತಳು. ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟರು. "ಅಳಬ್ಯಾಡ್ರಿ ಆಯಿ. ಈ ಗುಳ್ಳಿ ಊರಾಗ ಎಷ್ಟೋ ಮಂದಿಗಿ ಬರತಾವ, ಯಾರಿಗೂ ಗೊತ್ತಿರಂಗಿಲ್ಲ. ನೀವು ಬೇಕಂತ ಮಾಡಿಲ್ಲ. ನಿಮ್ಮ ಕಣ್ಣಿಂದನs ಕೂಸು ಇಲ್ಲಿಗಿ ಬಂದದ, ಅದನ್ನೂ ನೆನಪಿಡ್ರಿ. ತುಟಿ ಮ್ಯಾಲೆ ಗುಳ್ಳಿ ಇದ್ದಾಗ ಮುದ್ದು ಬ್ಯಾಡ, ಎಂಜಲು ಬ್ಯಾಡ, ಕೈ ತೊಳಕೋಬೇಕು. ಇಷ್ಟs." ನಂತರ ಸೌಭಾಗ್ಯಳನ್ನು ಕೇಳಿದರು: "ಇಸಬು ಇಷ್ಟ್ಯಾಕ ಕೆರಳೇದ? ನಾ ಬರದ ಟ್ಯೂಬ ಹಚ್ಚಿಲ್ಲೇನು?"

"ಕಳೀತ್ರಿ," ಎಂದಳು ಸೌಭಾಗ್ಯ. "ನಾನs ಎಲ್ಲೋ ಕಳದೆ."

ಈ ಹುಡುಗಿಗೆ ಗೊತ್ತು. ಜೋಳ ಬೀಸಲು ಡಬ್ಬಿ ತೆಗೆಯುವವಳು ಅವಳೇ; ತಳ ಕಾಣದೆ ಇರುತ್ತದೆಯೇ? ಗೊತ್ತಿದ್ದೂ ಬೈಸಿಕೊಂಡಿದ್ದಾಳೆ. ಈಗಲೂ ತನ್ನ ಮೇಲೇ ಹಾಕಿಕೊಳ್ಳುತ್ತಿದ್ದಾಳೆ. ಇದು ಮರಿಲಿಂಗಮ್ಮನಿಗೆ ಗುಳ್ಳೆಗಿಂತ ಹೆಚ್ಚು ಉರಿಯಿತು.

"ಕಳದಿಲ್ರಿ ಮೇಡಂ. ಜ್ವಾಳದ ಡಬ್ಬ್ಯಾಗ ಅದ. ನಾ ಮುಚ್ಚಿಟ್ಟೀನಿ."

ಕಣ್ಣಿನ ಡಾಕ್ಟರು ರೆಪ್ಪೆ ಬಿಡಿಸಿ, ಹನಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿ, ಗುಡ್ಡೆಗೆ ಏನೂ ಆಗಿಲ್ಲ ಎಂದರು. ಆ ಮಾತು ಬರುವವರೆಗಿನ ಒಂದು ತಾಸನ್ನು ಮರಿಲಿಂಗಮ್ಮ ಇವತ್ತಿಗೂ ಯಾರಿಗೂ ವಿವರಿಸುವುದಿಲ್ಲ. ಬಸವಕುಮಾರ ಸುರಪುರದಿಂದ ಕೂಗಾಡುವ ತಯಾರಿಯಲ್ಲೇ ಬಂದಿದ್ದ. ಅವ್ವನ ಮುಖ ಕಂಡು ಅವಳ ಪಕ್ಕದಲ್ಲಿ ಕೂತ. ಮೂರನೆಯ ದಿನ ಜ್ವರ ಇಳಿಯಿತು. ನಾಲ್ಕನೆಯ ದಿನ ಮಲ್ಲಿ ಎರಡೂ ಕಣ್ಣು ಬಿಟ್ಟು ರೊಟ್ಟಿ ಕೇಳಿದಳು. ಎಂಟನೆಯ ದಿನ ಮನೆಗೆ ಬಂದರು. ದೇವಕಮ್ಮ ಹೇಳಿದಳೆಂದು ಅಮ್ಮನಿಗೆ ಮೊಸರನ್ನದ ಎಡೆಯನ್ನೂ ಹಿಡಿದರು. ಮರಿಲಿಂಗಮ್ಮ ಬೇಡ ಎನ್ನಲಿಲ್ಲ. ತಾಯಿಯ ಮೇಲೆ ಅನುಮಾನ ಪಟ್ಟದ್ದಕ್ಕೆ ಅವಳಿಗೂ ಒಂದು ಕ್ಷಮೆ ಕೇಳುವುದಿತ್ತು. ದೇವಕಮ್ಮನ ಬಟ್ಟಲಿನ ವಿಷಯಕ್ಕೂ ಒಂದು ಕೇಳುವುದಿತ್ತು. ಅದನ್ನು ಇನ್ನೂ ಕೇಳಿಲ್ಲ.

ಗುಳ್ಳೆಯೆಲ್ಲ ಮಾಯ್ದ ಮೇಲೆ ಮೇಡಂ ಮತ್ತೆ ಹೇಳಿಕೊಟ್ಟ ಹಾಗೆ ಟ್ಯೂಬು ಡಬ್ಬಿಯಿಂದ ಹೊರಬಂತು. ಹಚ್ಚುವಾಗ ಅಳತೆ ನೋಡುವವಳು ಸೌಭಾಗ್ಯ. ಮರಿಲಿಂಗಮ್ಮ ಪಕ್ಕದಲ್ಲಿ ಕೂತು ನೋಡುತ್ತಾಳೆ. ಇಸಬು ಪೂರ್ತಿ ಹೋಗಿಲ್ಲ. ಚಳಿ ಬಿದ್ದರೆ ಮೊಳಕೈ ಕೆಂಪಾಗುತ್ತದೆ, ಹಚ್ಚಿದರೆ ಇಳಿಯುತ್ತದೆ. ಎಡಗಲ್ಲ ನುಣುಪಾಗಿದೆ. ಹತ್ತಿರದಿಂದ ನೋಡಿದರೆ ಮೂರು ಸಣ್ಣ ಗುಳಿ ಉಳಿದಿವೆ, ಎಷ್ಟೆಂದರೆ ಸಾಸಿವೆ ಕಾಳಿನಷ್ಟು. ಮರಿಲಿಂಗಮ್ಮ ಅವನ್ನು ದಿನಾ ನೋಡುತ್ತಾಳೆ.

ಬೊಟ್ಟಿಡುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವಳು ಬಾಗಿಲಲ್ಲಿ ಕೂತಿದ್ದಾಗ ಮಲ್ಲಿ ಎಲ್ಲಿಂದಲೋ ಕಾಡಿಗೆ ಡಬ್ಬಿ ಹುಡುಕಿ ತಂದು, ಅದನ್ನು ಅಜ್ಜಿಯ ತೊಡೆಯ ಮೇಲಿಟ್ಟು, ಎಡಗಲ್ಲ ಒಡ್ಡಿ ನಿಂತಳು.

"ಆಯಿ, ಬೊಟ್ಟು."

ಹೆಬ್ಬೆರಳು ತಾನಾಗಿ ಬಾಯಿಯ ಕಡೆ ಎದ್ದಿತು, ಅರ್ಧಕ್ಕೇ ನಿಂತಿತು. ಮರಿಲಿಂಗಮ್ಮ ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಸೌಭಾಗ್ಯಾ, ಬಾ ಇಲ್ಲಿ. ನನ್ನ ತುಟಿ ನೋಡು."

"ಮುಂಜಾನಿ ನೋಡೀನಲ್ರೀ ಅತ್ತಿ. ಏನೂ ಇದ್ದಿಲ್ಲ."

"ಈಗ ನೋಡು."

ಸೌಭಾಗ್ಯ ಕೈ ಒರೆಸಿಕೊಂಡು ಬಂದು, ಅತ್ತೆಯ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಮೇಲ್ತುಟಿ ನೋಡಿದಳು, ಕೆಳತುಟಿ ನೋಡಿದಳು, ಎರಡೂ ಮೂಲೆ ಬಿಡಿಸಿ ನೋಡಿದಳು.

"ಏನೂ ಇಲ್ರಿ."

"ಇನ್ನೊಮ್ಮೆ ನೋಡವಾ. ನಾ ಏನೂ ಇಲ್ಲ ಅಂದ್ರೂ ನಂಬಬ್ಯಾಡ. ನನ್ನ ನಂಬಬ್ಯಾಡ ನೀ."

ಸೌಭಾಗ್ಯ ಇನ್ನೊಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ಸಾಬೂನು, ನೀರಿನ ಚೆಂಬು ತಂದು ಅತ್ತೆಯ ಕೈ ತೊಳೆಸಿ ತನ್ನ ಸೆರಗಿನಿಂದ ಒರೆಸಿದಳು. ಡಬ್ಬಿಯ ಮುಚ್ಚಳ ತೆಗೆದು, ಹಳೆಯದನ್ನು ಚೆಲ್ಲಿ ಹೊಸದಾಗಿ ಕಟ್ಟಿಟ್ಟಿದ್ದ ಕಾಡಿಗೆಯನ್ನು ತಾನೇ ಆ ಹೆಬ್ಬೆರಳಿಗೆ ಹಚ್ಚಿದಳು.

"ಇಡ್ರಿ ಅತ್ತಿ," ಎಂದಳು. "ಹುಡುಗಿ ಎಷ್ಟೊತ್ತು ನಿಲ್ಲಬೇಕು?"